ಮಧ್ಯಾಹ್ನದ ಕೆಲಸ ನುಂಗಿದ ಒಂದು ‘ಸಿ’

ಇದು ನಡೆದು ಎರಡು ವರ್ಷ ಆಯ್ತು. ಈಗಲೂ ಟೀಮಿನಲ್ಲಿ ಯಾರದ್ದಾದರೂ ಕೋಡ್ ಮಾಯವಾದರೆ ಮೊದಲು ನನ್ನ ಮುಖ ನೋಡಿ ನಗುತ್ತಾರೆ.

ರಿಲೀಸ್ ದಿನ. ಏಳು ಗಂಟೆಗೆ ಬಿಲ್ಡ್ ಹೋಗಬೇಕು. ಆರೂಕಾಲಿಗೆ ಟೆಸ್ಟರ್ ಬಂದು, "ಬೆಳಿಗ್ಗೆ ದಿನಾಂಕದ ಚೆಕ್ ಇತ್ತಲ್ವಾ, ಈಗ ಎಲ್ಲಿ ಹೋಯ್ತು?" ಅಂದರು. ಇತ್ತು. ಕೋಡ್ ಚೊಕ್ಕ ಮಾಡುವ ಹುರುಪಿನಲ್ಲಿ ಮಧ್ಯಾಹ್ನ ನಾನೇ ಅಳಿಸಿದ್ದೆ. ಕಮಿಟ್ ಮಾಡಿರಲಿಲ್ಲ, ಅಂದರೆ ಆ ಹಂತದ ಕೋಡನ್ನು ದಾಖಲಿಸಿ ಇಟ್ಟಿರಲಿಲ್ಲ.

ಫೈಲ್ ತೆರೆದೇ ಇದೆ, ಅನ್‌ಡೂ ಇದೆಯಲ್ಲ ಅಂತ ಕಂಟ್ರೋಲ್-ಝಡ್ ಒತ್ತಿ ಹಿಡಿದೆ. ಮಧ್ಯಾಹ್ನ ಬರೆದದ್ದೆಲ್ಲ ಸರಸರ ಹಿಂದಕ್ಕೆ ಓಡಿ, ದಿನಾಂಕ ಚೆಕ್ ಮಾಡುವ ನಲವತ್ತು ಸಾಲಿನ ಆ ಫಂಕ್ಷನ್ (ಕೋಡಿನ ತುಣುಕು) ಕಾಣಿಸಿತು. ನನ್ನ ಲೆಕ್ಕ ಇಷ್ಟೇ: ಇದನ್ನು ಕಾಪಿ ಮಾಡುವುದು, ಕಂಟ್ರೋಲ್-ವೈ (ರೀಡೂ) ಹಿಡಿದು ಮೊದಲಿದ್ದಲ್ಲಿಗೆ ಬರುವುದು, ಪೇಸ್ಟ್ ಮಾಡುವುದು. ಕ್ಯಾಸೆಟ್ ಹಿಂದೆ ಮುಂದೆ ಓಡಿಸಿದ ಹಾಗೆ.

ನಲವತ್ತು ಸಾಲು ಸೆಲೆಕ್ಟ್ ಮಾಡಿ ಕಂಟ್ರೋಲ್-ಸಿ ಒತ್ತಿದೆ. ಕಂಟ್ರೋಲ್ ಕೀ ಸರಿಯಾಗಿ ಒತ್ತಿಕೊಳ್ಳಲಿಲ್ಲ. ಅಷ್ಟೂ ಸಾಲು ಹೋಗಿ ಆ ಜಾಗದಲ್ಲಿ ಒಂದು ‘ಸಿ’ ಕೂತಿತು.

ಆಗ ಗಾಬರಿಯೇ ಆಗಲಿಲ್ಲ ನೋಡಿ. ಒಂದು ಸಲ ಅನ್‌ಡೂ ಮಾಡಿದೆ, ಸಾಲುಗಳು ವಾಪಸ್ ಬಂದವು, ಈ ಸಲ ಸರಿಯಾಗಿ ಕಾಪಿ ಮಾಡಿಕೊಂಡೆ. ಆಮೇಲೆ ಕಂಟ್ರೋಲ್-ವೈ. ಮತ್ತೆ ಅದೇ ‘ಸಿ’ ಬಂತು. ಇನ್ನೊಮ್ಮೆ ಒತ್ತಿದೆ, ಏನೂ ಇಲ್ಲ. ಹತ್ತು ಸಲ ಒತ್ತಿದೆ. ಕರ್ಸರ್ ಆ ‘ಸಿ’ ಪಕ್ಕದಲ್ಲಿ ಮಿಣಮಿಣ ಅನ್ನುತ್ತಾ ನಿಂತಿತ್ತು. ಎಡಿಟರ್ (ಕೋಡ್ ಬರೆಯುವ ಪ್ರೋಗ್ರಾಂ) ಬಳಿ ವಾಪಸ್ ಕೊಡಲು ಉಳಿದಿದ್ದು ಅದೊಂದೇ ಅಕ್ಷರ.

ಬಹಳಷ್ಟು ಎಡಿಟರ್‌ಗಳಲ್ಲಿ ಅನ್‌ಡೂ, ರೀಡೂ ಅಂದರೆ ಎರಡು ರಾಶಿ. ಹಿಂದೆ ಹೋದ ಹಾಗೆಲ್ಲ ಬದಲಾವಣೆಗಳು ಈ ರಾಶಿಯಿಂದ ಆ ರಾಶಿಗೆ ಬೀಳುತ್ತವೆ. ಹಿಂದೆ ಹೋಗಿ ನಿಂತಿದ್ದಾಗ ಹೊಸದಾಗಿ ಒಂದಕ್ಷರ ಟೈಪ್ ಮಾಡಿದರೂ ಸಾಕು, ರೀಡೂ ರಾಶಿ ಪೂರ್ತಿ ಖಾಲಿ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಇದನ್ನು ಎಲ್ಲೋ ಓದಿಯೂ ಇದ್ದೆ.

ನಿಜವಾದ ದಡ್ಡತನ ಆಮೇಲಿನದ್ದು. ಸೇವ್ ಮಾಡದೆ ಫೈಲ್ ಮುಚ್ಚಿ ಮತ್ತೆ ತೆರೆದಿದ್ದರೆ ಡಿಸ್ಕಿನಲ್ಲಿದ್ದ ಪ್ರತಿ ಬರುತ್ತಿತ್ತು, ಕಥೆ ಮುಗಿಯುತ್ತಿತ್ತು. ಆದರೆ ನನ್ನ ಎಡಗೈಗೊಂದು ರೋಗ ಇದೆ: ಸ್ವಲ್ಪ ದಿಗಿಲಾದರೂ ಕಂಟ್ರೋಲ್-ಎಸ್. ಒತ್ತಿಯೇ ಬಿಟ್ಟೆ. ಈಗ ಡಿಸ್ಕಿನಲ್ಲೂ ‘ಸಿ’.

ಅಷ್ಟರಲ್ಲಿ ಚಾಟ್‌ನಲ್ಲಿ ಮ್ಯಾನೇಜರ್: "ಎಷ್ಟು ಹೊತ್ತು?" "ಹತ್ತೇ ನಿಮಿಷ ಸರ್" ಅಂತ ಬರೆದೆ. ಕೈ ತಣ್ಣಗಾಗಿತ್ತು. ಮಧ್ಯಾಹ್ನದ ಕೆಲಸ ನೆನಪಿನಿಂದ ಬರೆಯಲು ಎರಡು ಗಂಟೆಯಾದರೂ ಬೇಕು.

ಪಕ್ಕದ ಸೀಟಿನ ಸೀನಿಯರ್ ಕುರ್ಚಿ ಜರುಗಿಸಿಕೊಂಡು ಬಂದರು. "ವಿಎಸ್ ಕೋಡ್ ಅಲ್ವಾ? ಟೈಮ್‌ಲೈನ್ ತೆಗೀರಿ." ನನ್ನ ಎಡಿಟರ್ ವಿಎಸ್ ಕೋಡ್‌ನಲ್ಲಿ ಫೈಲ್ ಪಟ್ಟಿಯ ಕೆಳಗೆ ಯಾವಾಗಲೂ ಮಡಚಿಕೊಂಡೇ ಇರುತ್ತದಲ್ಲ, ಅದು. 2022ರ ಮಾರ್ಚ್ ಆವೃತ್ತಿಯಿಂದ ನಾವು ಸೇವ್ ಮಾಡಿದಾಗೆಲ್ಲ ಒಂದು ಪ್ರತಿ ಎತ್ತಿಡುತ್ತದಂತೆ. 6:05ರ ಪ್ರತಿ ಅಲ್ಲೇ ಇತ್ತು. ಎಡಗೈ ರೋಗವೇ ಕಾಪಾಡಿತು. ಅದಕ್ಕಿಂತ ಚುಚ್ಚಿದ್ದು ಬೇರೆ: ಅದೇ ಪಟ್ಟಿಯಲ್ಲಿ ಬೆಳಿಗ್ಗೆ 11:20ರ ಪ್ರತಿಯೂ ಇತ್ತು, ಅದರಲ್ಲಿ ಆ ಫಂಕ್ಷನ್ ಹಾಗೇ ಇತ್ತು. ನಾನು ಅನ್‌ಡೂ ಮುಟ್ಟುವ ಅಗತ್ಯವೇ ಇರಲಿಲ್ಲ.

ಅವರು ವಿಮ್ ಅನ್ನೋ ಎಡಿಟರ್‌ನ ಭಕ್ತರು. "ನಮ್ಮಲ್ಲಿ ಹೀಗೆ ಆಗೋದೇ ಇಲ್ಲ ಕಣ್ರೀ" ಅಂತ ಶುರು ಮಾಡಿದರು. 2006ರ 7.0 ಆವೃತ್ತಿಯಿಂದ ಅದರ ಅನ್‌ಡೂ ಒಂದು ಮರ. ಹಿಂದೆ ಹೋಗಿ ಹೊಸದು ಬರೆದರೆ ಹೊಸ ಕೊಂಬೆ ಒಡೆಯುತ್ತದೆ, ಹಳೇ ಕೊಂಬೆ ಹಾಗೇ ಇರುತ್ತದೆ. ‘ಅರ್ಲಿಯರ್ 30ಎಂ’ ಅಂತ ಕೊಟ್ಟರೆ ಅರ್ಧ ಗಂಟೆ ಹಿಂದಿನ ಫೈಲ್. ಈಮ್ಯಾಕ್ಸ್ ಅನ್ನೋ ಎಡಿಟರ್ ಇನ್ನೂ ವಿಚಿತ್ರ, ಅದು ಅನ್‌ಡೂ ಮಾಡಿದ್ದನ್ನೂ ಒಂದು ಬದಲಾವಣೆ ಅಂತ ಬರೆದಿಟ್ಟುಕೊಳ್ಳುತ್ತದೆ, ಅನ್‌ಡೂವನ್ನೇ ಅನ್‌ಡೂ ಮಾಡಬಹುದು. ತಲೆ ಗಿರ್ ಅನ್ನುತ್ತೆ, ಆದರೆ ಬರೆದದ್ದು ಹೋಗುವುದಿಲ್ಲ.

ಮುಂದಿನ ವಾರವೇ ವಿಮ್ ಹಿಡಿದೆ. ಇನ್ಸರ್ಟ್ ಮೋಡಿನಿಂದ (ಟೈಪ್ ಮಾಡುವ ಸ್ಥಿತಿ) ಹೊರಬರದೆ ಒಂದೇ ಉಸಿರಿಗೆ ಮೂವತ್ತು ಸಾಲು ಬರೆದು, ಕೊನೆಯ ಪದ ತೆಗೆಯೋಣ ಅಂತ ಅದರ ಅನ್‌ಡೂ ಕೀ ‘ಯು’ ಒತ್ತಿದರೆ ಮೂವತ್ತೂ ಸಾಲು ಹೋಯಿತು. ಅದರ ಲೆಕ್ಕದಲ್ಲಿ ಅಷ್ಟೂ ಸೇರಿ ಒಂದೇ ಬದಲಾವಣೆ. ಕಂಟ್ರೋಲ್-ಆರ್ ಒತ್ತಿ ವಾಪಸ್ ತಂದೆ. ಇರಲಿ, ಕಲಿತೆ ಅಂದುಕೊಂಡೆ.

ಎರಡು ದಿನ ಬಿಟ್ಟು ಸರ್ವರ್‌ನಲ್ಲಿ ಕಾನ್ಫಿಗ್ ಫೈಲ್ ತಿದ್ದುತ್ತಿದ್ದಾಗ ಏನೋ ತಪ್ಪಾಯಿತು, ಬೆರಳು ತಾನಾಗಿ ಕಂಟ್ರೋಲ್-ಝಡ್ ಒತ್ತಿತು. ಫೈಲೂ ಇಲ್ಲ, ವಿಮ್ಮೂ ಇಲ್ಲ, ಬರೀ ಪ್ರಾಂಪ್ಟ್ (ಕಮಾಂಡ್ ಬರೆಯುವ ಸಾಲು). ಅಲ್ಲಿ ಕಂಟ್ರೋಲ್-ಝಡ್ ಅಂದರೆ ಅನ್‌ಡೂ ಅಲ್ಲ, ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸಿ ಪಕ್ಕಕ್ಕಿಡುವುದು. ಅದೇ ಫೈಲ್ ಮತ್ತೆ ತೆರೆಯಲು ಹೋದರೆ ಸ್ವಾಪ್ ಫೈಲ್ (ತೆರೆದಿರುವ ಫೈಲಿಗೆ ವಿಮ್ ಇಡುವ ತಾತ್ಕಾಲಿಕ ಪ್ರತಿ) ಇದೆ ಅಂತ ಸ್ಕ್ರೀನ್ ತುಂಬ ಎಚ್ಚರಿಕೆ. ಪಕ್ಕಕ್ಕೆ ತಿರುಗಿದೆ. ಸೀನಿಯರ್ ಏನೂ ಕೇಳಲಿಲ್ಲ. ಆ ಎಚ್ಚರಿಕೆಯಿಂದ ಹೊರಬಂದು, ‘ಎಫ್‌ಜಿ’ ಅಂತ ಎರಡಕ್ಷರ ಟೈಪ್ ಮಾಡಿ ಎಂಟರ್ ಒತ್ತಿ, ನಿಂತಿದ್ದ ವಿಮ್ಮನ್ನು ವಾಪಸ್ ತಂದು, ತಮ್ಮ ಕೆಲಸಕ್ಕೆ ಹೋದರು.