ಹಳೆಯ ಆಲ್ಬಮ್ಮಿನ ಮುಂದೆ ಒಂದು ಸಂಜೆ

ನಿನ್ನೆ ಅಟ್ಟದ ಮೇಲಿದ್ದ ಹಳೆಯ ಫೋಟೋ ಆಲ್ಬಮ್‌ಗಳನ್ನು ಕೆಳಗಿಳಿಸಿ, ಕತ್ತಲಾಗುವವರೆಗೂ ಅವುಗಳ ಮುಂದೆಯೇ ಕುಳಿತಿದ್ದೆ. ಕಪ್ಪು ಹಾಳೆಗೆ ಮೂಲೆ ಸಿಕ್ಕಿಸಿ ಕೂರಿಸಿದ ಅಜ್ಜ ಅಜ್ಜಿಯರ ಕಪ್ಪು ಬಿಳುಪು ಚಿತ್ರಗಳು ಇಂದಿಗೂ ನಿಚ್ಚಳವಾಗಿದ್ದರೆ, ಅವಕ್ಕಿಂತ ಎಷ್ಟೋ ವರ್ಷ ಈಚಿನ ನನ್ನ ಬಾಲ್ಯದ ಬಣ್ಣದ ಚಿತ್ರಗಳು ಕೆಂಪಡರಿ ಮಸುಕಾಗಿವೆ. ಅವರ ಚಿತ್ರಗಳಲ್ಲಿರುವುದು ಬೆಳ್ಳಿಯ ಕಣಗಳು. ನನ್ನವುಗಳಲ್ಲಿರುವುದು ಕತ್ತಲಲ್ಲಿ ಇಟ್ಟರೂ ನಿಧಾನವಾಗಿ ಮಾಸುವ ಬಣ್ಣಗಳು. ಅಂಟು ಹಾಳೆಯ ಆಲ್ಬಮ್ ಇನ್ನೂ ಕೆಟ್ಟಿದೆ: ಅಂಟು ಹಳದಿಗಟ್ಟಿ ಚಿತ್ರಗಳನ್ನು ಕಚ್ಚಿಕೊಂಡಿದ್ದು, ಅವಸರದಲ್ಲಿ ಎಳೆದಾಗ ಒಂದರ ಅಂಚು ಹರಿದೇಹೋಯಿತು. ಆ ನೋವು ಇನ್ನೂ ಆರಿಲ್ಲ.

ಅಪ್ಪ ಯಾವ ಚಿತ್ರದಲ್ಲೂ ಇಲ್ಲ, ಏಕೆಂದರೆ ಕ್ಯಾಮೆರಾ ಸದಾ ಅವರ ಕೈಯಲ್ಲೇ ಇರುತ್ತಿತ್ತು. ಆದರೆ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತ ಅಮ್ಮನ ಚಿತ್ರವೊಂದರಲ್ಲಿ, ಅವಳ ಪಾದದವರೆಗೆ ಚಾಚಿದ ಉದ್ದನೆಯ ನೆರಳೊಂದಿದೆ. ಮೊಣಕೈಗಳೆರಡನ್ನೂ ಮಡಚಿ ಮುಖದ ಬಳಿ ಏನನ್ನೋ ಹಿಡಿದ ನೆರಳು. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಆ ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ, ಅವರದೇ ಓರೆ ಅಕ್ಷರಗಳಲ್ಲಿ, ‘ಮಗುವಿನ ಜ್ವರ ಇಳಿದ ದಿನ’ ಎಂದು ಬರೆದಿದೆ. ಆ ಮಗು ನಾನೇ, ಆದರೆ ಚಿತ್ರದಲ್ಲಿ ನಾನಿಲ್ಲ. ಬಹುಶಃ ಒಳಗೆ ನಿದ್ದೆಯಲ್ಲಿದ್ದೆ.

ಉಳಿದ ಎಷ್ಟೋ ಚಿತ್ರಗಳ ಬೆನ್ನು ಖಾಲಿಯಿದೆ, ಮುಖಗಳನ್ನು ಗುರುತಿಸಬಲ್ಲವಳು ಈಗ ಅಮ್ಮ ಒಬ್ಬಳೇ. ನಾಳೆ ಮೆದು ಪೆನ್ಸಿಲು ಹಿಡಿದು ಅವಳ ಪಕ್ಕದಲ್ಲಿ ಕೂರುತ್ತೇನೆ.