ಸಹಿ ನೋಡಿ ಸಂಬೋಧನೆ

ಆನ್‌ಲೈನ್‌ನಲ್ಲಿ ಮುಖಪುಟ ವಿನ್ಯಾಸದ ಕೆಲಸ ಮಾಡುವ ನಾನು ಹೊಸ ಗ್ರಾಹಕರ ಸಂದೇಶದಲ್ಲಿ ಮೊದಲು ನೋಡುವುದು ಕೊನೆಯ ಸಹಿಯನ್ನು. ಅಮೆರಿಕದವರು ಬರಿಯ ಮೊದಲ ಹೆಸರು ಬರೆದಿದ್ದರೆ ನಾನೂ ಅದನ್ನೇ ಬಳಸುತ್ತೇನೆ. ಅಂಥವರಿಗೆ ಮಾತುಮಾತಿಗೂ ‘ಸರ್’ ಎಂದರೆ ಮುಜುಗರ. ಜರ್ಮನರಿಗೆ ‘ಹೆರ್’ (ಗಂಡಸರಿಗೆ) ಅಥವಾ ‘ಫ್ರೌ’ (ಹೆಂಗಸರಿಗೆ) ಜೊತೆ ಕುಲನಾಮ, ಅವರೇ ಸಲಿಗೆ ಕೊಡುವವರೆಗೆ. ಜಪಾನಿನವರ ಕುಲನಾಮಕ್ಕೆ ಗೌರವಸೂಚಕ ‘ಸಾನ್’ ಸೇರಿಸುತ್ತೇನೆ. ಅದನ್ನು ತಮ್ಮ ಹೆಸರಿಗೆ ತಾವೇ ಅಂಟಿಸಿಕೊಳ್ಳುವಂತಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ನಿಯಮ. ತಮಗೆ ತಾವೇ ಬಿರುದು ಕೊಟ್ಟುಕೊಳ್ಳುವವರು ಎಲ್ಲೆಡೆ ಇದ್ದಾರಲ್ಲ! ಗಂಡೋ ಹೆಣ್ಣೋ ತಿಳಿಯದಿದ್ದರೆ ಪೂರ್ತಿ ಹೆಸರು ಬರೆಯುತ್ತೇನೆ.

ನಯವಾಗಿ ಬರೆಯುವವರೆಲ್ಲ ಹಣವನ್ನು ಸಕಾಲಕ್ಕೆ ಕೊಡುತ್ತಾರೆಂದೇನಿಲ್ಲ. ಬಾಕಿ ಕೇಳುವಾಗಲೂ ಸಂಬೋಧನೆ ಬದಲಿಸುವುದಿಲ್ಲ; ಬಿಲ್ ಸಂಖ್ಯೆ, ಗಡುವಿನ ದಿನಾಂಕ ಮಾತ್ರ ಮೊದಲ ಸಾಲಿಗೇ ಬರುತ್ತವೆ.