ಸ್ಯಾಚೆಲ್ ಪೇಜ್ ಅಂಕಿಅಂಶ ಪಟ್ಟಿ: ಮೊದಲ ಹಾಳೆ ಮುಗಿದಿದೆ, ಎರಡು ಬಾಕಿ

ಮೊದಲನೆಯದಾದ ಅಮೆರಿಕನ್ ಲೀಗ್ (ಅಮೆರಿಕದ ಬೇಸ್‌ಬಾಲ್‌ನ ಮೇಲ್ಮಟ್ಟದ ಎರಡು ‘ಮೇಜರ್ ಲೀಗ್’ಗಳಲ್ಲೊಂದು) ಹಾಳೆಯಲ್ಲಿ ಆರೇ ಸಾಲು. ಕಪ್ಪು ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವನು) ಲೆರಾಯ್ ‘ಸ್ಯಾಚೆಲ್’ ಪೇಜ್ ಹುಟ್ಟಿದ್ದು 1906ರ ಜುಲೈ 7ರಂದು, ಅಲಬಾಮಾದ ಮೊಬೈಲ್ ನಗರದಲ್ಲಿ. ಕಪ್ಪು ಆಟಗಾರರಿಗೆ ಮೇಜರ್ ಲೀಗ್ ಬಾಗಿಲು ತೆರೆದದ್ದು 1947ರಲ್ಲಿ. ಈತ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್‌ಗೆ ಸಹಿ ಹಾಕಿದ್ದು 1948ರ ಜುಲೈ 7ರಂದು, 42 ತುಂಬಿದ ದಿನವೇ. ತುಂಬಿದ ಸಾಲುಗಳು ಇವು (ಗೆಲುವು-ಸೋಲು, ಇನಿಂಗ್ಸ್):

1948, ಕ್ಲೀವ್‌ಲ್ಯಾಂಡ್: 6-1, 72⅔
1949, ಕ್ಲೀವ್‌ಲ್ಯಾಂಡ್: 4-7, 83
1951, ಸೇಂಟ್ ಲೂಯಿಸ್ ಬ್ರೌನ್ಸ್: 3-4, 62
1952, ಬ್ರೌನ್ಸ್: 12-10, 138
1953, ಬ್ರೌನ್ಸ್: 3-9, 117⅓
1965, ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್: 0-0, 3

ಸ್ಪ್ರೆಡ್‌ಶೀಟ್ ಕೈಕೊಡುವುದು ಇಲ್ಲೇ. ಬೇಸ್‌ಬಾಲ್‌ನಲ್ಲಿ ಮೂರು ಔಟ್‌ಗೆ ಒಂದು ಇನಿಂಗ್ಸ್; ಬರವಣಿಗೆಯಲ್ಲಿ 72.2 ಎಂದರೆ 72 ಇನಿಂಗ್ಸ್ ಮೇಲೆ ಎರಡು ಔಟ್, ದಶಮಾಂಶವಲ್ಲ. ಹಾಗೇ ತುಂಬಿಸಿ ಕೂಡಿದರೆ 475.3 ಬರುತ್ತದೆ, ನಿಜವಾದ ಮೊತ್ತ 476. ಹಾಗಾಗಿ ಇನಿಂಗ್ಸ್ ಕಾಲಂ ಕೂಡಿಸುವುದೇ ಇಲ್ಲ, ಔಟ್‌ಗಳ ಕಾಲಂ ಬೇರೆ ಇಟ್ಟಿದ್ದೇವೆ. 72⅔ ಅಂದರೆ 218 ಔಟ್. ಬೌಲಿಂಗ್ ಸರಾಸರಿಯಂತಿರುವ ಇ.ಆರ್.ಎ.ಗೆ (ಒಂಬತ್ತು ಇನಿಂಗ್ಸ್‌ಗೆ, ಅಂದರೆ 27 ಔಟ್‌ಗೆ, ಪಿಚರ್ ಬಿಟ್ಟುಕೊಟ್ಟ ರನ್) ಸೂತ್ರ: ಪಿಚರ್ ಲೆಕ್ಕಕ್ಕೆ ಬಿದ್ದ ರನ್ × 27 ÷ ಔಟ್. 1948ಕ್ಕೆ 20 × 27 ÷ 218 = 2.48. ದಶಮಾಂಶ ಎಂದುಕೊಂಡರೆ 2.49 ಆಗುತ್ತದೆ. ವ್ಯತ್ಯಾಸ ಚಿಕ್ಕದು, ಆದರೆ ಬೇರೆ ಪಟ್ಟಿಗಳೊಂದಿಗೆ ತಾಳೆ ನೋಡುವಾಗ ತಲೆ ತಿನ್ನುತ್ತದೆ.

ಈ ಹಾಳೆಯ ಒಟ್ಟು 28-31, ಇ.ಆರ್.ಎ. 3.29. ಇದನ್ನೊಂದೇ ನೋಡಿದವರಿಗೆ ಸಾಧಾರಣ ಪಿಚರ್ ಅನ್ನಿಸಿದರೆ ಆಶ್ಚರ್ಯವಿಲ್ಲ; ಅವನ ಒಳ್ಳೆಯ ವರ್ಷಗಳೆಲ್ಲ ಉಳಿದೆರಡು ಹಾಳೆಗಳಲ್ಲಿವೆ. ಆದ್ದರಿಂದಲೇ ಪ್ರತಿ ಸಾಲಿಗೂ ವಯಸ್ಸಿನ ಕಾಲಂ ಸೇರಿಸಿದ್ದು. 1965ರ ಸೆಪ್ಟೆಂಬರ್ 25ರಂದು ಬಾಸ್ಟನ್ ವಿರುದ್ಧ ಮೂರು ಇನಿಂಗ್ಸ್ ಎಸೆದು ಬಿಟ್ಟುಕೊಟ್ಟಿದ್ದು ಒಂದೇ ಹಿಟ್, ಅದು ಬಾಸ್ಟನ್ ಬ್ಯಾಟರ್ ಯಾಸ್ಟ್ರೆಮ್ಸ್ಕಿಯದು. ವಯಸ್ಸಿನ ಕಾಲಂ ಅಲ್ಲಿ 59 ವರ್ಷ 80 ದಿನ ತೋರಿಸುತ್ತದೆ.

ಎರಡನೇ ಹಾಳೆ ಕಪ್ಪು ಆಟಗಾರರ ಪ್ರತ್ಯೇಕ ಲೀಗ್‌ಗಳಾದ ನೀಗ್ರೋ ಲೀಗ್‌ಗಳದು: ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್, ಕಾನ್ಸಾಸ್ ಸಿಟಿ ಮೊನಾರ್ಕ್ಸ್. 1920ರಿಂದ 1948ರವರೆಗಿನ ಏಳು ಲೀಗ್‌ಗಳಿಗೆ ಮೇಜರ್ ಲೀಗ್ ಮಾನ್ಯತೆ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ, ಅಂಕಿಅಂಶ ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಅವನು 1926ರಲ್ಲಿ ಶುರು ಮಾಡಿದ ಚಟನೂಗಾ ತಂಡ ನೀಗ್ರೋ ಸದರ್ನ್ ಲೀಗ್‌ನದು. ಆ ಲೀಗ್‌ಗೆ ಮಾನ್ಯತೆ ಇರುವುದು 1932ಕ್ಕೆ ಮಾತ್ರ, ಹಾಗಾಗಿ ಆ ಸಾಲು ಮೂರನೇ ಹಾಳೆಗೆ ಹೋಯಿತು.

ಇಲ್ಲಿ ಕೆಲಸ ನಿಧಾನ. ಕಪ್ಪು ಜನರ ಪತ್ರಿಕೆಗಳು ಹೆಚ್ಚಾಗಿ ವಾರಪತ್ರಿಕೆಗಳು. ವಾರದ ನಡುವಿನ ಪಂದ್ಯ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಸ್ಕೋರು ಸಿಕ್ಕರೂ ಪಿಚರ್ ಲೆಕ್ಕದ ರನ್ ಬೇರೆ ಮಾಡಿ ಕೊಟ್ಟಿರುವುದಿಲ್ಲ. ಅಂಥ ಕಡೆ ಕೋಶ ಖಾಲಿ ಬಿಡಬೇಕು, ಸೊನ್ನೆ ಹಾಕಬಾರದು, ಹಾಕಿದರೆ ಇ.ಆರ್.ಎ. ಸುಳ್ಳೇ ಇಳಿಯುತ್ತದೆ. ಆ ಪಂದ್ಯದ ಔಟ್‌ಗಳನ್ನೂ ಭಾಗಾಕಾರದಿಂದ ತೆಗೆಯಬೇಕು. ಇನ್ನೊಂದು ತೊಡಕು: 1940ರ ದಶಕದಲ್ಲಿ ಜನ ಸೇರಿಸಲೆಂದೇ ಪೇಜ್ ಮೊದಲ ಮೂರು ಇನಿಂಗ್ಸ್ ಎಸೆದು ಇಳಿಯುವುದು ರೂಢಿಯಾಗಿತ್ತು. ಗೆಲುವು ಬಹಳ ಸಲ ಮುಂದೆ ಬಂದವನ ಹೆಸರಿಗೆ. ಹಾಗಾಗಿ ಗೆಲುವು-ಸೋಲಿಗಿಂತ ಔಟ್ ಮತ್ತು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾದದ್ದು) ಕಾಲಂಗಳನ್ನೇ ಹೆಚ್ಚು ನಂಬುತ್ತೇವೆ.

ಮೂರನೇ ಹಾಳೆ ಲೀಗ್ ಹೊರಗಿನದು: ನಾರ್ತ್ ಡಕೋಟಾದ ಬಿಸ್ಮಾರ್ಕ್‌ನ ಬಿಳಿ-ಕಪ್ಪು ಬೆರೆತ ತಂಡ, 1937ರ ಡೊಮಿನಿಕನ್ ಸೀಸನ್, 1946ರಲ್ಲಿ ಮೇಜರ್ ಲೀಗ್ ಪಿಚರ್ ಬಾಬ್ ಫೆಲ್ಲರ್ ತಂಡದ ಎದುರಿನ ಪ್ರವಾಸ. ಇವನ್ನು ಬೇರೆ ಹಾಳೆಗಳ ಜೊತೆ ಕೂಡಿಸುವುದಿಲ್ಲ. ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟ್ ಬೌಲರ್ ಪಾಲ್ವಣಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಪಡೆದ 114 ವಿಕೆಟ್‌ಗಳಿಗೂ ಇದೇ ಜಾಗ್ರತೆ ಬೇಕು, ಪ್ರಥಮ ದರ್ಜೆಯವು ಅದರಲ್ಲೊಂದು ಭಾಗವಷ್ಟೇ.

ಮುಂದಿನ ಕೆಲಸ 1942ರ ನೀಗ್ರೋ ವರ್ಲ್ಡ್ ಸೀರೀಸ್. ಪೇಜ್ ಬೇಕೆಂದೇ ಮೂರೂ ಬೇಸ್‌ಗಳಲ್ಲಿ ಓಟಗಾರರನ್ನು ತುಂಬಿಸಿ ಎದುರಾಳಿ ತಂಡದ ಬಲಿಷ್ಠ ಬ್ಯಾಟರ್ ಜಾಶ್ ಗಿಬ್ಸನ್‌ನನ್ನು ಔಟ್ ಮಾಡಿದ ಕಥೆಯನ್ನು ಷರಾ ಕಾಲಂನಲ್ಲಿ ಮಾತ್ರ ಬರೆಯುತ್ತೇವೆ. ವಾಕ್‌ಗಳ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟುಕೊಡುವ ಬೇಸ್) ಸಂಖ್ಯೆ ಅಂದಿನ ಸ್ಕೋರು ಪಟ್ಟಿಯಿಂದಲೇ.